ಜಾಹೀರಾತಿನ ವರದಿಯಲ್ಲಿ ‘ದಾವಣಗೆರೆ’ ಎಂದಿದ್ದರೆ ಗಿರಾಕಿ ದಾವಣಗೆರೆಯಲ್ಲೇ ಇದ್ದಾರೆಯೇ?

ಮಾನ್ಯ ಸಂಪಾದಕರೆ,

ದಾವಣಗೆರೆಯ ಮಂಡಿಪೇಟೆ ಬಳಿಯ ಜವಳಿ ಅಂಗಡಿಯೊಂದರಲ್ಲಿ 11 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಅಂಗಡಿಯ ಪ್ರಚಾರದ ಖರ್ಚೂ ನನ್ನ ಪುಸ್ತಕದಲ್ಲೇ ಬರುವುದರಿಂದ, ಯಾವ ಹಣ ಯಾವ ದಾರಿಯಲ್ಲಿ ಹೋಯಿತು, ಅದರಿಂದ ಅಂಗಡಿಯ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ ಎಂಬುದನ್ನು ಮಾಲೀಕರಿಗೆ ಹೇಳಬೇಕಾದವಳು ನಾನೇ. ಹಿಂದೆ ಇದು ಕಷ್ಟದ ಕೆಲಸವಾಗಿರಲಿಲ್ಲ. ದೀಪಾವಳಿಯ ರಿಯಾಯಿತಿಯನ್ನು ಆಟೊಗೆ ಮೈಕು ಕಟ್ಟಿ ಸಾರಿಸಿದರೆ, ಆ ಆಟೊ ನಿಟುವಳ್ಳಿಯ ಕಡೆ ಹೋಯಿತೇ ವಿನೋಬನಗರದ ಕಡೆ ಹೋಯಿತೇ ಎಂದು ಚಾಲಕರನ್ನು ಕೇಳಿದರೆ ಸಾಕಿತ್ತು. ಕರಪತ್ರ ಹಂಚಿದ ಹುಡುಗರು ಉಳಿದ ಕಟ್ಟನ್ನು ವಾಪಸು ತಂದಿಟ್ಟರೆ ಹರಿಹರದಲ್ಲಿ ಎಷ್ಟು ಹಂಚಿದರೆಂಬುದು ತಿಳಿಯುತ್ತಿತ್ತು. ಆನ್‌ಲೈನ್ ಜಾಹೀರಾತಿನ ವಿಷಯದಲ್ಲಿ ಹಾಗೆ ಕೇಳಲು ಯಾರೂ ಸಿಗುವುದಿಲ್ಲ. ಅದು ಯಾವ ಊರಿನವರ ಕಣ್ಣಿಗೆ ಬಿತ್ತು ಎಂಬುದಕ್ಕೆ ನಮಗಿರುವ ಸಾಕ್ಷಿ ತಿಂಗಳ ಕೊನೆಗೆ ಬರುವ ವರದಿ, ಅದರಲ್ಲೂ ಊರಿನ ಹೆಸರುಗಳಿರುವ ಕಾಲಂ. ಆ ಕಾಲಂ ಅನ್ನು ನಮ್ಮ ಭಾಗದ ಬಹಳಷ್ಟು ವ್ಯಾಪಾರಿಗಳು ತಪ್ಪಾಗಿ ಓದುತ್ತಿದ್ದೇವೆ, ಮತ್ತು ಹಾಗೆ ಓದಿಯೇ ಹಣ ಕಟ್ಟುತ್ತಿದ್ದೇವೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮಗಾದ ಅನುಭವವನ್ನೇ ಮೊದಲು ತಿಳಿಸುತ್ತೇನೆ. ಕಳೆದ ಮದುವೆ ಹಂಗಾಮಿನಲ್ಲಿ ಪ್ರಚಾರ ಏಜೆನ್ಸಿಯೊಂದಕ್ಕೆ ಮೂರು ತಿಂಗಳ ಮಟ್ಟಿಗೆ ಆನ್‌ಲೈನ್ ಜಾಹೀರಾತಿನ ಹೊಣೆ ವಹಿಸಿದೆವು. ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 1,620 ರೂಪಾಯಿ, ಒಟ್ಟು 10,620. ದಾವಣಗೆರೆ ಮತ್ತು ಚಿತ್ರದುರ್ಗ ಎರಡೇ ಜಿಲ್ಲೆಗಳಲ್ಲಿ ಜಾಹೀರಾತು ಕಾಣಬೇಕು ಎಂಬುದು ನಮ್ಮ ಷರತ್ತು. ಮದುವೆಯ ಜವಳಿ ತೆಗೆಯುವವರು ಮನೆಮಂದಿಯೆಲ್ಲ ಸೇರಿ ಬಂದು, ಸೀರೆಯನ್ನು ಮುಟ್ಟಿ ನೋಡಿ, ಬೆಳಕಿಗೆ ಹಿಡಿದು ಕೊಳ್ಳುವವರು. ದೂರದೂರಿನವರು ಜಾಹೀರಾತು ನೋಡಿದರೆ ನಮಗೆ ಪ್ರಯೋಜನವಿಲ್ಲ. ಮೊದಲ ತಿಂಗಳ ವರದಿ ಒಂದೇ ಪುಟದಲ್ಲಿ ಬಂತು. ದಾವಣಗೆರೆ 412 ಕ್ಲಿಕ್, ಚಿತ್ರದುರ್ಗ 167 ಕ್ಲಿಕ್ (ಕ್ಲಿಕ್ ಎಂದರೆ ಜಾಹೀರಾತನ್ನು ಒಮ್ಮೆ ಒತ್ತಿ ತೆರೆದದ್ದು). ಮಾಲೀಕರಿಗೆ ಸಂತೋಷವಾಯಿತು. ಆದರೆ ಬಿಲ್ ಬರೆಯುವಾಗ ‘ಅಂಗಡಿ ಹೇಗೆ ಗೊತ್ತಾಯಿತು’ ಎಂದು ಪ್ರತಿ ಗಿರಾಕಿಯನ್ನೂ ಕೇಳಿ, ಮೊಬೈಲಿನಲ್ಲಿ ನೋಡಿ ಬಂದೆವು ಎಂದವರ ಬಿಲ್ಲಿನ ಮೂಲೆಯಲ್ಲಿ ಕೆಂಪು ಶಾಯಿಯಿಂದ ಒಂದು ಗೀಟು ಹಾಕುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೆ. ತಿಂಗಳ ಕೊನೆಗೆ ಎಣಿಸಿದರೆ ಆ ಗೀಟುಗಳು ಎರಡು ಕೈಯ ಬೆರಳುಗಳಷ್ಟೂ ಇರಲಿಲ್ಲ. ಎರಡನೆಯ ತಿಂಗಳೂ ಹಾಗೆಯೇ ಆದಾಗ, ‘ಈ ಆನ್‌ಲೈನ್ ಎಲ್ಲ ನಮಗಲ್ಲ, ನಿಲ್ಲಿಸಿಬಿಡೋಣ’ ಎಂದರು ಮಾಲೀಕರು.

ನಿಲ್ಲಿಸುವ ಮೊದಲು ಒಮ್ಮೆ ಆನ್‌ಲೈನ್ ಜಾಹೀರಾತಿನ ಖಾತೆಯನ್ನು ನಾನೇ ನೋಡುತ್ತೇನೆಂದು ಕೇಳಿಕೊಂಡು, ಓದಲು ಮಾತ್ರ ಬರುವಂತೆ ಏಜೆನ್ಸಿಯವರಿಂದ ಅನುಮತಿ ಪಡೆದೆ. ಅಲ್ಲಿ ಊರುಗಳ ವರದಿ ಒಂದಲ್ಲ, ಎರಡು ಇದ್ದವು. ನಮಗೆ ಕಳುಹಿಸಿದ್ದು ಮೊದಲನೆಯದು. ಎರಡನೆಯದರಲ್ಲಿ ಅದೇ ತಿಂಗಳ ಅದೇ 579 ಕ್ಲಿಕ್‌ಗಳು ಬೇರೆ ರೀತಿಯಲ್ಲಿ ಹಂಚಿಹೋಗಿದ್ದವು: ಬೆಂಗಳೂರು 291, ದಾವಣಗೆರೆ 143, ಚಿತ್ರದುರ್ಗ 38, ಉಳಿದ 107 ಹುಬ್ಬಳ್ಳಿ, ಶಿವಮೊಗ್ಗ ಮತ್ತು ಊರಿನ ಹೆಸರಿಲ್ಲದೆ ‘ಕರ್ನಾಟಕ’ ಎಂದಷ್ಟೇ ಬರೆದ ಸಾಲುಗಳಲ್ಲಿ. ಎರಡು ಕಾಗದಗಳನ್ನೂ ಮುದ್ರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದ ಆ ಸಂಜೆ ನನಗೆ ಮೊದಲು ಅನ್ನಿಸಿದ್ದು ಯಾರೋ ಸುಳ್ಳು ಹೇಳಿದ್ದಾರೆಂದು. ಹಾಗೇನೂ ಇರಲಿಲ್ಲ. ಎರಡೂ ನಿಜವಾದ ವರದಿಗಳೇ. ಎರಡೂ ಕೇಳುವ ಪ್ರಶ್ನೆ ಮಾತ್ರ ಬೇರೆ ಬೇರೆ. ಇದನ್ನು ನಮಗೆ ಬಿಡಿಸಿ ಹೇಳಬೇಕಾಗಿದ್ದವರು ಹೇಳಲಿಲ್ಲ ಎಂಬುದೇ ನನ್ನ ಆಕ್ಷೇಪ.

ಜಾಹೀರಾತಿನ ವರದಿಗಳಲ್ಲಿ ‘ಸ್ಥಳ’ ಎಂಬ ಒಂದೇ ಮಾತಿನ ಒಳಗೆ ಎರಡು ವರ್ಗಗಳಿವೆ. ಒಂದು, ಜಾಹೀರಾತು ನೋಡಿದ ಮನುಷ್ಯ ಆ ಹೊತ್ತಿನಲ್ಲಿ ಇದ್ದ ಊರು. ಇನ್ನೊಂದು, ಆ ಮನುಷ್ಯ ಎಲ್ಲಿಯೇ ಇರಲಿ, ಅವರು ಹುಡುಕುತ್ತಿದ್ದ ಅಥವಾ ಆಸಕ್ತಿ ತೋರಿಸಿದ ಊರು. ಇವನ್ನು ‘ಇರುವ ಊರು’ ಮತ್ತು ‘ಆಸಕ್ತಿಯ ಊರು’ ಎಂದು ನಾನು ಕರೆದುಕೊಳ್ಳುತ್ತೇನೆ. ಬಹಳ ಜನ ಬಳಸುವ, ಗೂಗಲ್‌ನ ಜಾಹೀರಾತು ವ್ಯವಸ್ಥೆಯಾದ ಗೂಗಲ್ ಆಡ್ಸ್ ಅನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಜಾಹೀರಾತಿಗೆ ಒಂದು ಊರನ್ನು ಆರಿಸುವಾಗ ಎರಡು ಆಯ್ಕೆಗಳಿರುತ್ತವೆ. ಆ ಊರಿನಲ್ಲಿ ಇರುವವರು, ಅಲ್ಲಿಗೆ ಆಗಾಗ ಬಂದು ಹೋಗುವವರು ಮತ್ತು ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರು, ಇಷ್ಟೂ ಜನರಿಗೆ ಕಾಣಿಸುವುದು ಒಂದು ಆಯ್ಕೆ. ಆಸಕ್ತಿಯವರನ್ನು ಬಿಟ್ಟು, ಇರುವವರಿಗೆ ಮತ್ತು ಆಗಾಗ ಬರುವವರಿಗೆ ಮಾತ್ರ ಕಾಣಿಸುವುದು ಇನ್ನೊಂದು. ನಾವಾಗಿ ಬದಲಿಸದಿದ್ದರೆ ಮೊದಲನೆಯದೇ ಉಳಿಯುತ್ತದೆ. ವರದಿಯೂ ಅದಕ್ಕೆ ತಕ್ಕಂತೆ ಎರಡು. ‘ಹೊಂದಿಕೆಯಾದ ಸ್ಥಳ’ಗಳ ವರದಿಯಲ್ಲಿ ಜಾಹೀರಾತು ಕಾಣಿಸಲು ಕಾರಣವಾದ ಊರಿನ ಹೆಸರಿರುತ್ತದೆ, ಅದು ಇರುವ ಊರೂ ಆಗಿರಬಹುದು, ಆಸಕ್ತಿಯ ಊರೂ ಆಗಿರಬಹುದು. ‘ಬಳಕೆದಾರರ ಸ್ಥಳ’ದ ವರದಿಯಲ್ಲಿ ಆಸಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಅವರು ಇದ್ದ ಊರನ್ನಷ್ಟೇ ತೋರಿಸಲಾಗುತ್ತದೆ. ನಮ್ಮ ಏಜೆನ್ಸಿ ಕಳುಹಿಸಿದ್ದು ಮೊದಲನೆಯ ವರದಿ, ನಾವು ಓದಿಕೊಂಡದ್ದು ಎರಡನೆಯದರ ಅರ್ಥದಲ್ಲಿ.

ನಮ್ಮ ಎರಡು ಜಿಲ್ಲೆಗಳಿಗೆ ಈ ವ್ಯತ್ಯಾಸ ಹೆಚ್ಚು ಮುಖ್ಯ, ಏಕೆಂದರೆ ನಮ್ಮ ಊರುಗಳ ಹೆಸರು ನಮ್ಮ ಪದಾರ್ಥಗಳ ಹೆಸರಿಗೆ ಅಂಟಿಕೊಂಡಿದೆ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಕುಳಿತವರು ತಮ್ಮ ಮನೆಯ ಹತ್ತಿರದ ಹೋಟೆಲಿಗಾಗಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಹುಡುಕುತ್ತಾರೆ. ಅವರಿಗೆ ಬೇಕಾದದ್ದು ದೋಸೆ. ದಾವಣಗೆರೆಗೆ ಬರುವ ಯೋಚನೆ ಅವರಿಗಿಲ್ಲ. ಆದರೂ ಹುಡುಕಿದ ಮಾತಿನಲ್ಲಿ ಊರಿನ ಹೆಸರು ಇರುವುದರಿಂದ ಅದು ದಾವಣಗೆರೆಯ ಮೇಲಿನ ಆಸಕ್ತಿಯೆಂದು ಎಣಿಕೆಯಾಗಬಹುದು. ನಮ್ಮ ಅಂಗಡಿಯ ವಿಷಯದಲ್ಲಿ ಈ ಕೆಲಸ ಮಾಡಿದ್ದು ಮೊಳಕಾಲ್ಮೂರು ಸೀರೆ. ಆ ಊರಿನದೇ ವಿಶಿಷ್ಟ ಉತ್ಪನ್ನವೆಂದು ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆ ರೇಷ್ಮೆ ಸೀರೆಗಳನ್ನು ನಾವು ಮಾರುತ್ತೇವೆ, ಜಾಹೀರಾತಿನ ಹುಡುಕುಪದಗಳಲ್ಲಿ, ಅಂದರೆ ಜನ ಯಾವ ಮಾತನ್ನು ಹುಡುಕಿದರೆ ಜಾಹೀರಾತು ಕಾಣಬೇಕೆಂದು ನಾವು ಕೊಟ್ಟ ಪದಗಳಲ್ಲಿ, ಆ ಹೆಸರೂ ಇತ್ತು. ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಹೀಗಾಗಿ ಬೆಂಗಳೂರಿನಲ್ಲಿ ಕುಳಿತು ಆ ಸೀರೆಯನ್ನು ಹುಡುಕಿದವರು ನಮ್ಮ ವರದಿಯಲ್ಲಿ ಚಿತ್ರದುರ್ಗದ ಸಾಲಿಗೆ ಬಂದು ಕುಳಿತರು. ಯಾವ ಹುಡುಕುಪದಕ್ಕೆ ಎಷ್ಟು ಕ್ಲಿಕ್ ಎಂಬ ಪಟ್ಟಿಯನ್ನು ತೆರೆದು ನೋಡಿದಾಗ ಅತಿ ಹೆಚ್ಚು ಹಣ ಹೋದದ್ದು ಆ ಒಂದು ಮಾತಿನ ಮೇಲೆಯೇ ಎಂಬುದು ಕಂಡಿತು.

ಇಷ್ಟು ಓದಿ ‘ಆಸಕ್ತಿಯ ಊರು’ ಎಂಬ ವರ್ಗವೇ ಮೋಸ ಎಂದು ಯಾರೂ ತೀರ್ಮಾನಿಸಬಾರದು. ಚಿತ್ರದುರ್ಗದಲ್ಲಿ ಕೋಟೆ ನೋಡಲು ಬರುವವರನ್ನೇ ನಂಬಿ ವಸತಿಗೃಹ ನಡೆಸುವವರಿಗೆ ಬೇಕಾದ ಗಿರಾಕಿ ಚಿತ್ರದುರ್ಗದಲ್ಲಿ ಇರುವುದೇ ಇಲ್ಲ. ಅವರು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು, ಶನಿವಾರ ಹೊರಟರೆ ಎಲ್ಲಿ ಉಳಿಯುವುದು ಎಂದು ಹುಡುಕುತ್ತಿರುತ್ತಾರೆ. ಊರಿನಲ್ಲಿ ಇರುವವರಿಗೆ ಮಾತ್ರ ಎಂಬ ಆಯ್ಕೆಯನ್ನು ಅವರು ಇಟ್ಟುಕೊಂಡರೆ, ಸ್ವಂತ ಮನೆ ಇರುವವರಿಗೆ ಕೋಣೆ ಬಾಡಿಗೆಯ ಜಾಹೀರಾತು ತೋರಿಸಿದಂತಾಗುತ್ತದೆ. ಮದುವೆ ಛತ್ರದವರಿಗೆ, ದಾವಣಗೆರೆಯ ಕಾಲೇಜುಗಳಿಗೆ ಹೊರ ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳನ್ನು ನಂಬಿದ ಪಿ.ಜಿ.ಗಳವರಿಗೆ, ನಿವೇಶನ ಮಾರುವವರಿಗೆ ಎರಡೂ ವರ್ಗದವರು ಬೇಕು. ದಿನಸಿ ಅಂಗಡಿಗೆ, ಟ್ಯೂಷನ್ನಿಗೆ, ಹಲ್ಲಿನ ಆಸ್ಪತ್ರೆಗೆ, ನಮ್ಮಂಥ ಜವಳಿ ಅಂಗಡಿಗೆ ಬೇಕಾದದ್ದು ಇರುವ ಊರು. ಯಾರಿಗೆ ಯಾವುದು ಬೇಕೆಂಬುದನ್ನು ಅಂಗಡಿಯವರೇ ಹೇಳಬಲ್ಲರೇ ಹೊರತು ಏಜೆನ್ಸಿಯವರು ಊಹಿಸಲಾರರು. ಆದ್ದರಿಂದಲೇ ಕೇಳಿಕೊಳ್ಳದೆ ಮೊದಲ ಆಯ್ಕೆಯನ್ನು ಹಾಗೆಯೇ ಬಿಟ್ಟದ್ದು ತಪ್ಪೆಂದು ನಾನು ಭಾವಿಸುತ್ತೇನೆ.

ಇರುವ ಊರಿನ ವರ್ಗವೂ ನಾವು ಅಂದುಕೊಂಡಷ್ಟು ಗಟ್ಟಿಯಾದದ್ದಲ್ಲ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆಯನ್ನು ದಾಟಿ ಹೋಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ಕುಳಿತು ಮೊಬೈಲ್ ನೋಡುತ್ತಿರುವವರು ಚಿತ್ರದುರ್ಗದ ಸರಹದ್ದಿನಲ್ಲಿರುವಷ್ಟು ಹೊತ್ತು ಚಿತ್ರದುರ್ಗದಲ್ಲಿ ಇರುವವರೇ. ಹೆದ್ದಾರಿ ಬದಿಯ ಹೋಟೆಲಿಗೆ ಅವರು ಗಿರಾಕಿ, ಸೀರೆ ಅಂಗಡಿಗೆ ಅಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವ ಮಕ್ಕಳು ‘ಆಗಾಗ ಬರುವವರು’ ಎಂಬ ಲೆಕ್ಕದಲ್ಲಿ ಬರಬಹುದು. ಅಂಥವರು ನಮಗೆ ಒಳ್ಳೆಯ ಗಿರಾಕಿಗಳೇ, ತಂಗಿಯ ಮದುವೆಗೆ ಜವಳಿ ತೆಗೆಯಲು ದುಡ್ಡು ಕೊಡುವವರು ಅವರೇ ಆಗಿರುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ಮನುಷ್ಯ ಯಾವ ಊರಿನಲ್ಲಿದ್ದಾರೆಂಬುದನ್ನು ಜಾಹೀರಾತು ವ್ಯವಸ್ಥೆ ಕಣ್ಣಾರೆ ಕಂಡು ಹೇಳುವುದಿಲ್ಲ, ಕೆಲವು ಸುಳಿವುಗಳಿಂದ ಅಂದಾಜು ಮಾಡುತ್ತದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದು ಅದನ್ನು ಬಳಸಲು ಅನುಮತಿಯೂ ಇದ್ದರೆ ಜಿಪಿಎಸ್, ಸುತ್ತಲಿನ ವೈಫೈ, ಮೊಬೈಲ್ ಟವರ್ ಇವುಗಳಿಂದ ಸಾಕಷ್ಟು ಹತ್ತಿರದ ಉತ್ತರ ಸಿಗುತ್ತದೆ. ಅದಿಲ್ಲದಿದ್ದರೆ ಹೆಚ್ಚಾಗಿ ಐಪಿ ವಿಳಾಸವನ್ನೇ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನೇ, ನೆಚ್ಚಿಕೊಳ್ಳಬೇಕು. ಮೊಬೈಲ್ ಕಂಪನಿಗಳ ಡೇಟಾ ನಾವು ನಿಂತ ಊರಿನಿಂದ ನೇರವಾಗಿ ಹೊರಗೆ ಹೋಗದೆ, ದೊಡ್ಡ ನಗರದ ಕೇಂದ್ರವೊಂದರ ಮೂಲಕ ಹಾದು ಹೋಗುವುದು ಸಾಮಾನ್ಯವಾದ್ದರಿಂದ, ಐಪಿ ವಿಳಾಸ ಆ ನಗರದ ಹೆಸರನ್ನೇ ಹೇಳಬಹುದು. ಇದನ್ನು ನಾನೇ ಪರೀಕ್ಷಿಸಿ ನೋಡಿದೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಿಂತು, ವೈಫೈ ಮತ್ತು ಲೊಕೇಶನ್ ಎರಡನ್ನೂ ಆಫ್ ಮಾಡಿ, ಐಪಿ ವಿಳಾಸದಿಂದ ಊರು ತೋರಿಸುವ ತಾಣವೊಂದನ್ನು ತೆರೆದರೆ ‘ಬೆಂಗಳೂರು’ ಎಂದು ಬಂತು. ಅದೇ ಜಾಗದಲ್ಲಿ ಲೊಕೇಶನ್ ಆನ್ ಮಾಡಿ ನಕ್ಷೆ ತೆರೆದರೆ ನೀಲಿ ಚುಕ್ಕೆ ನಮ್ಮ ಅಂಗಡಿಯ ಮಾಡಿನ ಮೇಲೆಯೇ ನಿಂತಿತು. ಬೆಂಗಳೂರು ಇಲ್ಲಿಂದ 260 ಕಿಲೋಮೀಟರ್ ಆಚೆಗಿದೆ. ಒಂದೇ ಮೊಬೈಲು, ಒಂದೇ ಕಟ್ಟೆ, ಎರಡು ನಿಮಿಷದ ಅಂತರ.

ಆದ್ದರಿಂದ ನಮ್ಮ ಎರಡನೆಯ ವರದಿಯ ಬೆಂಗಳೂರಿನ 291 ಕ್ಲಿಕ್‌ಗಳೂ ಬೆಂಗಳೂರಿನವೇ ಎಂದು ಹೇಳಲಾಗದು. ಅವುಗಳಲ್ಲಿ ಕೆಲವು ಇದೇ ಪೇಟೆಯ, ಲೊಕೇಶನ್ ಆಫ್ ಮಾಡಿಟ್ಟುಕೊಂಡವರ ಮೊಬೈಲಿನವು ಆಗಿರಲು ಸಾಧ್ಯ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎರಡನೆಯ ವರದಿಯನ್ನು ನೋಡಿದ ಕೂಡಲೇ ಏಜೆನ್ಸಿಯವರು ಕೊಟ್ಟ ಸಲಹೆ, ಬೆಂಗಳೂರನ್ನು ಪಟ್ಟಿಯಿಂದ ಹೊರಗಿಟ್ಟುಬಿಡೋಣ ಎಂಬುದು. ಹಾಗೆ ಒಂದು ಊರನ್ನು ಹೊರಗಿಟ್ಟರೆ, ಆ ಊರಿನಲ್ಲಿ ಇದ್ದಾರೆಂದು ವ್ಯವಸ್ಥೆ ಅಂದಾಜು ಮಾಡಿದ ಯಾರಿಗೂ ಜಾಹೀರಾತು ಕಾಣುವುದಿಲ್ಲ. ನಮ್ಮ ಕಟ್ಟೆಯ ಮೇಲೆ ನಿಂತವರೂ ಅದರಲ್ಲಿ ಸೇರಿಹೋಗಬಹುದು. ನಾವು ಆ ಸಲಹೆಯನ್ನು ಒಪ್ಪಲಿಲ್ಲ. ಅದರ ಬದಲು ಆಸಕ್ತಿಯ ಆಯ್ಕೆಯನ್ನು ತೆಗೆಸಿ, ಮೊಳಕಾಲ್ಮೂರು ಸೀರೆಯ ಹುಡುಕುಪದವನ್ನು ಬೇರೆ ಜಾಹೀರಾತಾಗಿ ಬೇರ್ಪಡಿಸಿದೆವು. ಮೂರನೆಯ ತಿಂಗಳು ಕ್ಲಿಕ್‌ಗಳ ಒಟ್ಟು ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು, ಬಿಲ್ಲಿನ ಮೂಲೆಯ ಕೆಂಪು ಗೀಟುಗಳು ಹೆಚ್ಚಾದವು. ಮೊಳಕಾಲ್ಮೂರು ಸೀರೆಯ ಜಾಹೀರಾತನ್ನು ಈಗ ಬೆಂಗಳೂರಿನಲ್ಲಿ ಇರುವವರಿಗೆ ತಿಳಿದೇ ತೋರಿಸುತ್ತಿದ್ದೇವೆ. ಅವರಿಗೆ ಕೊರಿಯರಿನಲ್ಲಿ ಸೀರೆ ಕಳುಹಿಸುತ್ತೇವೆ.

‘ಕರ್ನಾಟಕ’ ಎಂದಷ್ಟೇ ಇರುವ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಜ್ಯದವರೆಗೆ ಅಂದಾಜು ಸಿಕ್ಕಿದೆ, ಊರಿನವರೆಗೆ ಸಿಕ್ಕಿಲ್ಲ ಎಂದು ಅದರ ಅರ್ಥ. ಹಾಗೆಯೇ ಅಂಗಡಿಯ ಜಾಲತಾಣಕ್ಕೆ ಬಂದವರ ಲೆಕ್ಕ ಕೊಡುವ ಗೂಗಲ್ ಅನಾಲಿಟಿಕ್ಸ್‌ನ ಊರಿನ ಪಟ್ಟಿಯಲ್ಲಿ ಆಸಕ್ತಿಯ ಊರು ಎಂಬ ವರ್ಗವಿಲ್ಲ, ಇರುವ ಊರಿನ ಅಂದಾಜು ಮಾತ್ರ ಇರುತ್ತದೆ. ಅದನ್ನೂ ಜಾಹೀರಾತಿನ ವರದಿಯನ್ನೂ ಪಕ್ಕದಲ್ಲಿಟ್ಟು ಅಂಕಿಗಳು ತಾಳೆಯಾಗಲಿಲ್ಲವೆಂದು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಗಡಿಯ ವಿಷಯಕ್ಕೆ ಬಂದರೆ, ಜಿಲ್ಲೆಯ ಹೆಸರನ್ನು ಆರಿಸಿದ ಮಾತ್ರಕ್ಕೆ ನಮ್ಮ ವ್ಯಾಪಾರದ ಸೀಮೆ ಅದರೊಳಗೆ ಬರುತ್ತದೆಂದು ನಂಬಬಾರದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ನಮ್ಮೊಂದಿಗಿತ್ತು. ಆಮೇಲೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕಾಗದದ ಮೇಲೆ ಜಿಲ್ಲೆ ಬದಲಾಯಿತೆಂದು ಹರಪನಹಳ್ಳಿ ಕಡೆಯ ಮನೆತನಗಳು ಜವಳಿ ತೆಗೆಯುವ ಊರನ್ನು ಬದಲಿಸಲಿಲ್ಲ, ಇಂದಿಗೂ ಇಲ್ಲಿಗೇ ಬರುತ್ತಾರೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳನ್ನಷ್ಟೇ ಆರಿಸಿದ್ದರಿಂದ ನಮ್ಮ ಜಾಹೀರಾತು ಅವರಲ್ಲಿ ಬಹಳ ಜನರಿಗೆ ಕಂಡಿರಲಾರದು. ಇದಕ್ಕೆ ಪರಿಹಾರವಾಗಿ ಅಂಗಡಿಯನ್ನು ನಡುವಿಟ್ಟು ವೃತ್ತ ಎಳೆಯುವ ಸೌಲಭ್ಯವೂ ಇದೆ. 20 ಕಿಲೋಮೀಟರಿನ ವೃತ್ತ ಎಳೆದರೆ ಹರಿಹರ ಒಳಗೆ ಬರುತ್ತದೆ, ತುಂಗಭದ್ರೆಯನ್ನು ದಾಟಿ ಹಾವೇರಿ ಜಿಲ್ಲೆಯ ಕುಮಾರಪಟ್ಟಣವೂ ಬರುತ್ತದೆ. ಆಗ ವರದಿಯಲ್ಲಿ ಹಾವೇರಿ ಜಿಲ್ಲೆಯ ಹೆಸರು ಕಂಡು ಹಣ ಪೋಲಾಯಿತೆಂದು ಗಾಬರಿಯಾಗಬೇಕಾಗಿಲ್ಲ. ಹೊಳೆಯಾಚೆಯ ಆ ಜನ ಅಂಗಡಿಗೆ ಬರುವಷ್ಟು ಹತ್ತಿರದವರೇ. ಇನ್ನು ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿ ಊರನ್ನು ಗುರುತಿಸುತ್ತೇನೆನ್ನುವವರು ನೆನಪಿಡಬೇಕಾದದ್ದು, 577 ಎಂಬುದು ದಾವಣಗೆರೆಗೂ ಚಿತ್ರದುರ್ಗಕ್ಕೂ ಶಿವಮೊಗ್ಗಕ್ಕೂ ಒಂದೇ.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತುಗಳಲ್ಲಿ ಸ್ಥಳದ ಲೆಕ್ಕ ಬೇರೆ. ಅಲ್ಲಿ ಒಂದು ಊರನ್ನು ಆರಿಸಿದರೆ, ಅಲ್ಲಿ ವಾಸಿಸುವವರು ಮತ್ತು ಇತ್ತೀಚೆಗೆ ಅಲ್ಲಿ ಇದ್ದವರು ಎಂದು ಅರ್ಥ. ಹೀಗಾಗಿ ಒಂದು ಕಡೆಯ ‘ದಾವಣಗೆರೆ’ಯನ್ನು ಇನ್ನೊಂದು ಕಡೆಯ ‘ದಾವಣಗೆರೆ’ಯೊಂದಿಗೆ ಕೂಡಿಸಿ ಒಟ್ಟು ಹಾಕಿ ಕೊಡುವ ವರದಿಗಳನ್ನು ವ್ಯಾಪಾರಿಗಳು ಒಪ್ಪಿಕೊಳ್ಳಬಾರದು. 

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಅಡಿಕೆ, ಮೆಕ್ಕೆಜೋಳದ ಧಾರಣೆಯನ್ನು ದಿನವೂ ಅಚ್ಚುಕಟ್ಟಾಗಿ ಕೊಡುವ ತಮ್ಮ ವಾಣಿಜ್ಯ ಪುಟದಲ್ಲಿ, ಇಂಥ ವರದಿಯೊಂದನ್ನು ಕಾಲಂ ಕಾಲಂ ಆಗಿ ಬಿಡಿಸಿ ಕನ್ನಡದಲ್ಲಿ ವಿವರಿಸುವ ಲೇಖನವನ್ನು ಪ್ರಕಟಿಸಬೇಕು. ಏಜೆನ್ಸಿಗಳು ಕೊಡುವ ವರದಿ ಇಂಗ್ಲಿಷಿನಲ್ಲಿರುತ್ತದೆ. ಹಣ ಕಟ್ಟುವ ಕಿರಾಣಿಯವರು, ಮಂಡಕ್ಕಿ ಭಟ್ಟಿಯವರು, ಚಳ್ಳಕೆರೆಯ ಎಣ್ಣೆ ಗಾಣದವರು ಓದುವುದು ಕನ್ನಡ. ವರ್ತಕರ ಸಂಘಗಳು ಜಿಎಸ್‌ಟಿ ಬಂದಾಗ ಸದಸ್ಯರನ್ನು ಕೂರಿಸಿ ರಿಟರ್ನ್ ತುಂಬುವುದನ್ನು ಹೇಳಿಕೊಟ್ಟ ಹಾಗೆಯೇ ಇದಕ್ಕೂ ಒಂದು ಸಂಜೆಯನ್ನು ಮೀಸಲಿಡಬೇಕು. ಪ್ರಚಾರ ಏಜೆನ್ಸಿಗಳು ಎರಡೂ ವರದಿಗಳನ್ನು ಒಟ್ಟಿಗೆ ಕೊಡಬೇಕು, ಜೊತೆಗೆ ಯಾವ ಆಯ್ಕೆಯನ್ನು ಇಟ್ಟಿದ್ದೇವೆಂಬುದನ್ನು ಒಂದು ಸಾಲಿನಲ್ಲಿ ಬರೆದು ಸಹಿ ಹಾಕಬೇಕು. ಕರಾರು ಮಾಡಿಕೊಳ್ಳುವಾಗಲೇ ಈ ಷರತ್ತನ್ನು ಸೇರಿಸಿ ಎಂದು ನಮ್ಮ ಸಾಲಿನ ಅಂಗಡಿಯವರಿಗೆಲ್ಲ ಹೇಳುತ್ತಿದ್ದೇನೆ. ‘ಈ ಅಂಕಿ ಜನ ಇದ್ದ ಊರಿನದೋ, ಹುಡುಕಿದ ಊರಿನದೋ’ ಎಂಬ ಒಂದು ಪ್ರಶ್ನೆಯನ್ನು ಕೇಳಲು ಕಂಪ್ಯೂಟರ್ ಬರಬೇಕೆಂದೇನೂ ಇಲ್ಲ.

ಲೇಖನಕ್ಕೆ ಅನುಕೂಲವಾಗಲೆಂದು, ಮಾಲೀಕರ ಒಪ್ಪಿಗೆ ಪಡೆದು, ನಮ್ಮ ಅಂಗಡಿಯ ಎರಡೂ ವರದಿಗಳ ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಏಜೆನ್ಸಿಯ ಹೆಸರನ್ನು ಮಸಿ ಹಚ್ಚಿ ಅಳಿಸಿದ್ದೇನೆ. ಗಿರಾಕಿಗಳ ಹೆಸರಾಗಲಿ ಫೋನ್ ಸಂಖ್ಯೆಯಾಗಲಿ ಅಂಥ ವರದಿಗಳಲ್ಲಿ ಇರುವುದೇ ಇಲ್ಲ. ಕೆಂಪು ಶಾಯಿಯಲ್ಲಿ ಗುರುತು ಹಾಕಿರುವ ಸಾಲುಗಳು ಎರಡರಲ್ಲೂ ಒಂದೇ ತಿಂಗಳಿನವು.

ಇಂತಿ ತಮ್ಮ ವಿಶ್ವಾಸಿ,
ಜವಳಿ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವಳು,
ದಾವಣಗೆರೆ